ಕಳ್ಳ ಆಕಳಿನ ತಿಳಿ

ಸೊಳ್ಳೆಯ ಕಾಲದಲ್ಲಿ ನಮ್ಮೂರಿನಲ್ಲಿ ಮದುವೆಯ ಮಾತುಕತೆ ನಡೆಯುವುದಿಲ್ಲ. ಹೊಲ ಕೊಳ್ಳುವುದಿಲ್ಲ, ಮಾರುವುದಿಲ್ಲ, ಅಣ್ಣತಮ್ಮಂದಿರು ಬೇರೆಯಾಗುವುದಿಲ್ಲ. ಹೊಸ ಜಗಳವನ್ನು ಕೂಡ ತೆಗೆಯುವುದಿಲ್ಲ. ಹಳೆಯದನ್ನೇ ಅಷ್ಟಿಷ್ಟು ಎಳೆದಾಡಿಕೊಂಡಿರುತ್ತಾರೆ. ಒಬ್ಬರ ರಕ್ತ ಹನಿಯಷ್ಟು ಇನ್ನೊಬ್ಬರ ಮೈ ಸೇರಿದರೂ ಅದರ ಬೆನ್ನಿಗೆ ಗುಣವೂ ಸ್ವಲ್ಪ ಹೋಗಿಬಿಡುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮಾತು ಕೊಟ್ಟವನು ತಾನೋ, ತನ್ನ ಪಕ್ಕದ ಮನೆಯವನೋ ಎಂಬುದು ಚಳಿ ಬೀಳುವ ತನಕ ಯಾರಿಗೂ ಖಾತ್ರಿ ಇರುವುದಿಲ್ಲ.

ಒಂದು ವರ್ಷ ಅಂಚೆಯವನನ್ನು ಕಚ್ಚಿದ ಸೊಳ್ಳೆ ಬ್ಯಾಂಕಿನ ಮ್ಯಾನೇಜರರನ್ನು ಕಚ್ಚಿದ್ದರಿಂದ ಅವರು ದಿನಾ ಮಧ್ಯಾಹ್ನ ಮನೆಮನೆಯ ಬಾಗಿಲಿಗೆ ಹೋಗಿ ಹೆಸರು ಹಿಡಿದು ಕೂಗುತ್ತಿದ್ದರು. ಯಾರಾದರೂ ಹೊರಗೆ ಬಂದರೆ ಕೊಡಲು ಏನೂ ಇಲ್ಲದೆ ಕೈ ಹಿಸುಕಿಕೊಂಡು ನಿಲ್ಲುತ್ತಿದ್ದರು. ದರ್ಜಿಯ ಪಕ್ಕದ ಮನೆಯ ಹೆಣ್ಣುಮಗಳು ಮಾತನಾಡುತ್ತಲೇ ಎದುರಿನವರ ಭುಜದ ಅಳತೆ ತೆಗೆಯುತ್ತಿದ್ದಳು. ಸೊಳ್ಳೆಗೆ ಮನುಷ್ಯ, ದನ ಎಂಬ ಭೇದವಿಲ್ಲ. ಡೊಳ್ಳಿನವರ ಓಣಿಯ ಎತ್ತುಗಳು ತಾಳ ತಪ್ಪದೆ ನಡೆಯುತ್ತವೆ. ಕನ್ನಡ ಶಾಲೆಯ ಮಾಸ್ತರರು ಊಟವಾದ ಮೇಲೆ ಅರೆಗಣ್ಣು ಮುಚ್ಚಿ ಮೆಲುಕು ಹಾಕತೊಡಗಿದಾಗ ಎಮ್ಮೆಯ ಗುಣ ಬಂತೆಂದು ಕೆಲವರು ಹೇಳಿದರು. ಅವರು ಮೊದಲಿಂದಲೂ ಹಾಗೇ ಎಂದು ಮಿಕ್ಕವರು ಹೇಳಿದರು. ಆ ವಿಷಯ ಅಲ್ಲಿಗೇ ನಿಂತಿತು.

ಗೌರಿ ಹುಣ್ಣಿಮೆ ಮುಗಿದ ಮಾರನೆಯ ದಿನ ನಮ್ಮಲ್ಲಿ ಗುಣ ಒಪ್ಪಿಸುವ ದಿನ. ಅಷ್ಟರಲ್ಲಿ ಚಳಿ ಬಿದ್ದು ಸೊಳ್ಳೆಗಳು ಸತ್ತಿರುತ್ತವೆ. ಒಂದು ಹಿಡಿ ಕೊಬ್ಬರಿ ಬೆಲ್ಲ ಹಿಡಿದುಕೊಂಡು ಜನ ಮನೆಯಿಂದ ಮನೆಗೆ ಹೋಗುತ್ತಾರೆ. ನಿಮ್ಮ ಸಿಟ್ಟು ನಮ್ಮಲ್ಲಿ ಉಳಿದಿತ್ತು, ತಗೊಳ್ಳಿ ಎನ್ನುತ್ತಾರೆ. ಬೆಲ್ಲ ಇಸಿದುಕೊಂಡರೆ ಗುಣವನ್ನೂ ಇಸಿದುಕೊಂಡ ಹಾಗೆ. ಜಿಪುಣತನವೊಂದನ್ನು ಇದುವರೆಗೆ ಯಾರೂ ತಮ್ಮದೆಂದು ಒಪ್ಪಿಕೊಂಡಿಲ್ಲ. ಅದರ ಬೆಲ್ಲ ಊರೆಲ್ಲ ತಿರುಗಿ ಸಂಜೆಗೆ ಮಠದ ಕಟ್ಟೆಯ ಮೇಲೆ ಉಳಿಯುತ್ತದೆ, ಇರುವೆ ಮುತ್ತುತ್ತವೆ.

ನಾನು ಮಾತ್ರ ಯಾರಿಗೂ ಏನನ್ನೂ ಒಪ್ಪಿಸಿದವನಲ್ಲ. ದೊಡ್ಡ ಊರಿನಲ್ಲಿ ವಿಜ್ಞಾನದ ಪದವಿ ಮುಗಿಸಿ ಬಂದವನು ದನದ ಆಸ್ಪತ್ರೆಯ ಹಿಂದಿನ ಪ್ರಯೋಗಾಲಯಕ್ಕೆ ಸೇರಿಕೊಂಡಿದ್ದೆ. ಪ್ರಯೋಗಾಲಯವೆಂದರೆ ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಆಗಾಗ ಕೆಮ್ಮುವ ಒಂದು ಫ್ರಿಜ್ಜು. ಸಂಜೆ ದೀಪ ಹಚ್ಚುವ ಮೊದಲೇ ಮನೆಗೆ ಬಂದು ಸೊಳ್ಳೆಪರದೆಯೊಳಗೆ ಕೂತುಬಿಡುತ್ತಿದ್ದೆ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ತುರುಕಿ, ಒಳಗೆ ಪುಸ್ತಕ, ಚೊಂಬು, ಬೀಸಣಿಕೆ. ಜನ ನನ್ನನ್ನು ಸೊಕ್ಕಿನವನೆಂದುಕೊಂಡಿದ್ದರೋ ಏನೋ. ನಿಜವೆಂದರೆ, ನನ್ನೊಳಗೆ ಇರುವುದೇ ಬಹಳ ಕಡಿಮೆ, ಅದರಲ್ಲಿ ಬೇರೆಯವರದು ಬೆರೆತರೆ ನನ್ನದು ಯಾವುದೆಂದು ಗುರುತು ಸಿಗಲಿಕ್ಕಿಲ್ಲ ಎಂದು ಭಯವಿತ್ತು.

ನನಗೆ ಮೌನ ಇಷ್ಟ. ಮಾತಿಲ್ಲದಿರುವುದೆಲ್ಲ ಒಂದೇ ಥರ ಅಲ್ಲ. ಸಿಟ್ಟಿನ ಮೌನ ಬೇರೆ, ಉಪವಾಸದ್ದು ಬೇರೆ, ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ಉಳಿಯುವುದು ಬೇರೆ. ಎಲ್ಲಕ್ಕಿಂತ ಒಳ್ಳೆಯದು ನಮ್ಮ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿತ್ತು. ನಮ್ಮ ಆಕಳು ಹಂಸಿ ಹುಟ್ಟಿದಂದಿನಿಂದ ಅಂಬಾ ಎಂದದ್ದಿಲ್ಲ. ಹಸಿವಾದರೆ ನೋಡುತ್ತಿದ್ದಳು, ನೀರಡಿಸಿದರೂ ನೋಡುತ್ತಿದ್ದಳು, ಕರು ಹಾಕುವಾಗಲೂ ಸುಮ್ಮನೆ ನೋಡಿದಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಹೊಸ್ತಿಲು ದಾಟುವುದನ್ನು ಬಿಟ್ಟಿದ್ದಳು. ಅಡುಗೆಮನೆಯಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ಅಡುಗೆಮನೆ. ಸಂಜೆ ಅವಳು ಹಾಲು ಹಿಂಡಲು ಕೂತರೆ ನಾನು ಕರುವಿನ ಹಗ್ಗ ಹಿಡಿದು ನಿಲ್ಲುತ್ತಿದ್ದೆ. ಚೊರ್ ಚೊರ್ ಎಂದು ಚರಿಗೆಗೆ ಹಾಲು ಬೀಳುವ ಸದ್ದಷ್ಟೇ. ತಾಯಿ ಮಗ ದಿನಕ್ಕೆ ಅಷ್ಟು ಮಾತಾಡಿಕೊಂಡರೆ ಸಾಕಾಗಿತ್ತು.

ಆ ವರ್ಷ ಮಳೆಯ ಜೊತೆ ಗಂಟುರೋಗ ಬಂತು. ಮೊದಲು ಜ್ವರ, ಆಮೇಲೆ ಆಕಳ ಮೈತುಂಬ ಅಡಿಕೆ ಗಾತ್ರದ ಗಂಟುಗಳು, ಆಮೇಲೆ ಮೇವು ಬಿಡುವುದು, ಆಮೇಲೆ ಕಾಲು ಬಾತು ಮಲಗುವುದು. ನೊಣ, ಸೊಳ್ಳೆ, ಉಣ್ಣೆಗಳು ವೈರಸ್ಸನ್ನು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಒಯ್ದವು. ಲಸಿಕೆ ಬರುತ್ತದೆ, ಬರುತ್ತದೆ ಎಂದು ಸುದ್ದಿ ಇತ್ತು. ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲದ್ದರಿಂದ ಲಸಿಕೆಯ ಗಾಡಿ ಪ್ರತಿ ಸಲವೂ ಹಳ್ಳದ ಆಚೆ ನಿಂತು, ಮುಂದೆ ಊರಿಲ್ಲವೆಂದು ತಿಳಿದು, ವಾಪಸು ಹೋಗುತ್ತಿತ್ತು. ಈಚೆ ದಂಡೆಯಲ್ಲಿ ನಿಂತು ನಾವು ಕೈ ಬೀಸಿದರೆ ಡ್ರೈವರನೂ ಸೌಜನ್ಯಕ್ಕೆ ಕೈ ಬೀಸುತ್ತಿದ್ದ.

ದನದ ಡಾಕ್ಟರು ಮಕಾನದಾರ ಸಾಹೇಬರು ಹೊರಗಿನಿಂದ ಬಂದವರು. ಬಂದ ಹೊಸತರಲ್ಲಿ ನಮ್ಮೂರಿನ ಸೊಳ್ಳೆಗಳ ವಿಷಯ ಕೇಳಿ ನಕ್ಕಿದ್ದರು. ಮೊದಲ ಮಳೆಗಾಲದಲ್ಲೇ ಪಕ್ಕದ ಮನೆಯ ಮುತ್ತೈದೆಯ ಗುಣ ಬಂದು ಒಂದು ತಿಂಗಳು ಬೆಳಗೆದ್ದು ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ ಮೇಲೆ ನಗುವುದನ್ನು ಬಿಟ್ಟಿದ್ದರು. ರಂಗೋಲಿ ಚೆನ್ನಾಗಿತ್ತೆಂದು ಈಗಲೂ ಹೇಳುತ್ತಾರೆ. ಅವರು ನನ್ನನ್ನು ಕರೆದು, ಲಸಿಕೆಯ ಹಾದಿ ಕಾಯುವುದು ಬೇಡ ಎಂದರು. ರೋಗ ಬಂದು ತಾನಾಗಿಯೇ ಗೆದ್ದ ಆಕಳೊಂದು ಸಿಕ್ಕರೆ ಅದರ ರಕ್ತದಲ್ಲಿ ಪ್ರತಿಕಾಯಗಳು ಬೆಳೆದಿರುತ್ತವೆ. ಆ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು ಮೇಲೆ ನಿಂತ ತಿಳಿ ತೆಗೆದು ಉಳಿದ ದನಗಳಿಗೆ ಚುಚ್ಚಿದರೆ ಸದ್ಯಕ್ಕೆ ಜೀವ ಉಳಿಯಬಹುದು. ಯಾವ ಆಕಳ ತಿಳಿಯಲ್ಲಿ ಬಲವಿದೆ ಎಂದು ಹುಡುಕುವುದು ನನ್ನ ಕೆಲಸ.

ಹುಡುಕುವ ಬಗೆ ಇಷ್ಟೇ. ಗಾಜಿನ ಬಟ್ಟಲಿನ ತಳದಲ್ಲಿ ಜೀವಕೋಶಗಳ ತೆಳುವಾದ ಹಾಸು ಬೆಳೆಸಬೇಕು. ಅದರ ಮೇಲೆ ವೈರಸ್ ಬಿಟ್ಟರೆ, ನುಸಿ ತಿಂದ ರೇಷ್ಮೆ ಸೀರೆಯ ಹಾಗೆ ಹಾಸಿನಲ್ಲಿ ತೂತುಗಳು ಬೀಳುತ್ತವೆ. ವೈರಸ್ಸಿಗೆ ಮೊದಲೇ ಒಂದು ಆಕಳ ತಿಳಿ ಬೆರೆಸಿ ಬಿಟ್ಟಾಗ ತೂತು ಬೀಳದಿದ್ದರೆ, ಆ ತಿಳಿ ವೈರಸ್ಸಿನ ಬಾಯಿ ಕಟ್ಟಿದೆ ಎಂದರ್ಥ. ತಿಳಿಗೆ ನೀರು ಬೆರೆಸುತ್ತ, ಬೆರೆಸುತ್ತ ಹೋಗಿ ಎಲ್ಲಿಯವರೆಗೆ ಬಾಯಿ ಕಟ್ಟಿಯೇ ಇರುತ್ತದೋ ಅಷ್ಟು ಅದರ ಬಲ.

ನಮ್ಮೂರಿನವರು ರಕ್ತ ಕೊಡುವ ವಿಷಯದಲ್ಲಿ ಬಹಳ ಎಚ್ಚರದವರು. ಮನುಷ್ಯರ ಆಸ್ಪತ್ರೆಯಲ್ಲಿ ಕೂಡ ನರ್ಸಮ್ಮ ಮೊದಲು ಗುಂಪು ಕೇಳಿ, ಆಮೇಲೆ, ಕೊಡೋ ಮನುಷ್ಯಾ ಹೆಂಗ ಎಂದು ಕೇಳುತ್ತಾಳೆ. ಹಾಗಾಗಿ ರೋಗ ಬಂದು ಗೆದ್ದ ಆಕಳು ಬೇಕು ಎಂದರೆ, ಜನ ಒಳ್ಳೆಯ ನಡತೆಯ ಆಕಳುಗಳನ್ನೇ ತರತೊಡಗಿದರು. ಮಠದ ಆಕಳು ಬಂತು, ಅದಕ್ಕೆ ರೋಗವೇ ಬಂದಿರಲಿಲ್ಲ. ಗುಡಿಯ ಬಸವ ಬಂತು, ಹಣೆಗೆ ವಿಭೂತಿ ಬಳಿದುಕೊಂಡು. ಹಾಲಿನ ಸಂಘದ ಅಧ್ಯಕ್ಷ ಸಂಗನಬಸಪ್ಪನವರು ತಮ್ಮ ಆಕಳು ಮಹಾರಾಣಿಯನ್ನು ತಾವೇ ಹಿಡಿದುಕೊಂಡು ಬಂದರು. ಅದು ಪ್ರದರ್ಶನಗಳಲ್ಲಿ ಬಹುಮಾನ ತಂದ ಆಕಳು. ಯಜಮಾನರು ಉಣ್ಣು ಎನ್ನದೆ ಮೇವಿನ ಗೋದಲಿಗೆ ಬಾಯಿ ಹಾಕದು, ಗಂಡಸರ ಎದುರು ಸಗಣಿ ಹಾಕದು ಎಂದು ಅವರು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ನಾನು ಒಂದೊಂದರ ತಿಳಿಯನ್ನೂ ಪರೀಕ್ಷಿಸಿದೆ. ಬಟ್ಟಲಿನ ಮೇಲೆ ಬಟ್ಟಲು, ಎಲ್ಲದರಲ್ಲೂ ಜರಡಿಯ ಹಾಗೆ ತೂತು. ಸದ್ಗುಣದಲ್ಲಿ ಪ್ರತಿಕಾಯಗಳಿರಲಿಲ್ಲ.

ಅದೇ ವಾರ ಹಂಸಿಯ ಕತ್ತಿನ ಮೇಲೆ ಮೊದಲ ಗಂಟು ಎದ್ದಿತು. ಅವ್ವ ಕೈಯಾಡಿಸುವಾಗ ಬೆರಳಿಗೆ ಸಿಕ್ಕಿತು. ಅವಳು ನನ್ನ ಕೈ ಹಿಡಿದು ಆ ಜಾಗದ ಮೇಲೆ ಇಟ್ಟಳು. ನಾವು ಏನೂ ಮಾತಾಡಲಿಲ್ಲ, ಆದರೆ ಅದು ನಮ್ಮ ಎಂದಿನ ಮೌನವಾಗಿರಲಿಲ್ಲ.

ಸಾಹೇಬರು, ಊರಿನೊಳಗೆ ಸಾಕಾಯಿತು, ಕೊಂಡವಾಡದ ದನಗಳನ್ನು ನೋಡು ಎಂದರು. ಕೊಂಡವಾಡವೆಂದರೆ ಪರರ ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕುವ ಕಲ್ಲಿನ ದೊಡ್ಡಿ. ಅಲ್ಲಿ ಒಳಗೆ ಹೋಗುತ್ತಿದ್ದಂತೆ ಯಾರೋ ನನ್ನ ಕಿಸೆಯಿಂದ ಪೆನ್ನು ಎಳೆದುಕೊಂಡರು. ತಿರುಗಿ ನೋಡಿದರೆ ದ್ಯಾಮಿ. ಬಸ್ ನಿಲ್ದಾಣದ ಎದುರು ಗಾಡಿಯಲ್ಲಿ ಮಿರ್ಚಿ ಕರಿಯುವ ಗುರುಸಿದ್ದವ್ವನ ಆಕಳು. ಇಡೀ ಊರಿನಲ್ಲಿ ಅದರಷ್ಟು ಕಳ್ಳ ಆಕಳು ಇನ್ನೊಂದಿರಲಿಲ್ಲ. ಚಿಲಕವನ್ನು ನಾಲಿಗೆಯಿಂದ ಎತ್ತಲು ಬರುತ್ತಿತ್ತು. ಹೋಟೆಲ್ಲಿನ ಹಿಟ್ಟು, ಗುಡಿಯ ಹೂವಿನ ಹಾರ, ಒಣಹಾಕಿದ ಹಪ್ಪಳ, ಒಮ್ಮೆ ಮದುವೆಯ ಹಂದರದಿಂದ ಬಾಳೆಗಿಡವನ್ನೇ ಹೊತ್ತುಕೊಂಡು ಹೋಗಿತ್ತು. ಎರಡೂ ಬದಿಯ ಬೀಗರು ಅದನ್ನು ಅಟ್ಟಿಸಿಕೊಂಡು ಓಡಿ, ಆ ಓಟದಲ್ಲಿಯೇ ಅವರ ನಡುವಿನ ಮುನಿಸು ಹೋಗಿತ್ತಂತೆ. ಕೊನೆಗೆ ಸಂಗನಬಸಪ್ಪನವರ ತೋಟಕ್ಕೆ ನುಗ್ಗಿದ್ದಕ್ಕೆ ಅವರೇ ಅದನ್ನು ಕೊಂಡವಾಡಕ್ಕೆ ನೂಕಿಸಿದ್ದರು. ಅದರ ಮೈಮೇಲೆ ಒಣಗಿ ಉದುರಿದ ಗಂಟುಗಳ ಕಲೆಗಳಿದ್ದವು. ಎಲ್ಲರ ಗೋದಲಿಗೆ ಬಾಯಿ ಹಾಕಿ, ಎಲ್ಲ ಕೊಟ್ಟಿಗೆಯ ನೊಣಗಳಿಂದ ಕಚ್ಚಿಸಿಕೊಂಡು, ಎಲ್ಲರಿಗಿಂತ ಮೊದಲೇ ರೋಗ ಹಿಡಿಸಿಕೊಂಡು, ಯಾರಿಗೂ ಹೇಳದೆ ಗುಣವಾಗಿತ್ತು. ನಾನು ರಕ್ತ ತೆಗೆಯುವಾಗ ಅದು ನನ್ನ ಪೆನ್ನಿನ ಕ್ಯಾಪು ಅಗಿಯುತ್ತ ನಿಂತಿತ್ತು.

ದ್ಯಾಮಿಯ ತಿಳಿಯ ಬಟ್ಟಲಿನಲ್ಲಿ ಒಂದು ತೂತೂ ಇರಲಿಲ್ಲ. ನೀರು ಬೆರೆಸಿದೆ, ಇಲ್ಲ. ಇನ್ನಷ್ಟು ಬೆರೆಸಿದೆ, ಇಲ್ಲ. ಬೆರೆಸುತ್ತ ಹೋಗಿ ಅದು ತಿಳಿಯೋ ನೀರೋ ಎಂದು ನನಗೇ ಅನುಮಾನ ಬಂದಾಗಲೂ ಆ ಹಾಸು ಹೊಸ ಚಾಪೆಯಂತೆ ನುಣ್ಣಗಿತ್ತು. ಸೂಕ್ಷ್ಮದರ್ಶಕದ ಕೆಳಗಿನ ಆ ನಿಶ್ಶಬ್ದ ನನಗೆ ಈವರೆಗೆ ಸಿಕ್ಕ ಮೌನಗಳಲ್ಲೇ ಸುಂದರವಾದದ್ದು. ಸ್ವಲ್ಪ ಹೊತ್ತು ಹಾಗೇ ನೋಡುತ್ತ ಕೂತೆ. ಆಮೇಲೆ ಅದು ಯಾರ ರಕ್ತ ಎಂಬುದು ನೆನಪಾಯಿತು.

ಸುದ್ದಿ ತಿಳಿದು ಹಾಲಿನ ಸಂಘದಲ್ಲಿ ಸಭೆ ಸೇರಿತು. ಆಕಳು ಸಾಯಬೇಕೋ, ಕಳ್ಳಿಯಾಗಬೇಕೋ ಎಂಬುದು ಪ್ರಶ್ನೆ. ಕಳ್ಳ ಆಕಳ ಹಾಲನ್ನು ದೇವರಿಗೆ ಎರೆಯಬಹುದೇ ಎಂದು ಒಬ್ಬರು ಕೇಳಿದರು. ಹಾಲು ಅದರದೇ ಅಲ್ಲವೇ, ಕದ್ದದ್ದು ಮೇವು ಮಾತ್ರ ಎಂದು ಇನ್ನೊಬ್ಬರು. ಮೇವಿಲ್ಲದೆ ಹಾಲು ಎಲ್ಲಿಂದ ಬಂತು ಎಂದು ಮತ್ತೊಬ್ಬರು. ಒಬ್ಬ ಮುದುಕ ಮಾತ್ರ, ನಿಮ್ಮ ನಿಮ್ಮ ಆಕಳು ಮಂದಿ ಮೇವು ತಿಂದು ಬಂದರೆ ನಿಮಗೆ ನಷ್ಟವೇನು ಎಂದು ಕೇಳಿದ. ಎಲ್ಲರೂ ಮನಸ್ಸಿನಲ್ಲೇ ಏನನ್ನೋ ತೂಗುತ್ತಿದ್ದ ಹಾಗಿತ್ತು. ಸಂಗನಬಸಪ್ಪನವರು ಎದ್ದು ನಿಂತರು.

"ನಮ್ಮ ಮಹಾರಾಣಿ ಸತ್ರ ಸಾಯಲಿ," ಅಂದರು. "ಮಂದಿ ಹಿತ್ತಲಕ್ಕ ಹೋಗಿ ಹಪ್ಪಳ ತಿನ್ನೂದು ನಮ್ಮ ಮನಿತನದಾಗ ಇಲ್ಲ."

ಮರುದಿನ ಬೆಳಿಗ್ಗೆ ಅವರು ಪ್ರಯೋಗಾಲಯದ ಹಿಂಬಾಗಿಲಿಗೆ ಬಂದರು. ಮಹಾರಾಣಿಗೆ ಜ್ವರ ಬಂದಿತ್ತು. ತಿಳಿಯಿಂದ ಕಳ್ಳತನವನ್ನಷ್ಟೇ ಸೋಸಿ ತೆಗೆಯಲು ಬರುವುದಿಲ್ಲವೇ ಎಂದು ಕೇಳಿದರು. ಅವರೊಬ್ಬರೇ ಅಲ್ಲ, ಅಂದು ಹಿಂಬಾಗಿಲಿಗೆ ಬಂದವರೆಲ್ಲ ಅದನ್ನೇ ಕೇಳಿದರು, ಒಬ್ಬಾಕೆ ತನ್ನ ಹೊಸ ಚಹಾ ಸೋಸುವ ಬಟ್ಟೆಯನ್ನು ಕೂಡ ತಂದಿದ್ದಳು. ನಾನು ಪ್ರಯತ್ನಪಟ್ಟೆ. ಹದವಾಗಿ ಕಾಯಿಸಿದರೆ ತಿಳಿಯಲ್ಲಿನ ಕೆಲವು ಬೇಡದ ಸಂಗತಿಗಳು ಸಾಯುತ್ತವೆ, ಪ್ರತಿಕಾಯಗಳು ಉಳಿಯುತ್ತವೆ. ಕಾಯಿಸಿದ ತಿಳಿಯನ್ನು ಒಂದು ಬೀಡಾಡಿ ಹೋರಿಗೆ ಚುಚ್ಚಿ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದು ಸಾಹೇಬರ ಊಟದ ಡಬ್ಬಿಯ ಮುಚ್ಚಳ ತೆಗೆಯುವುದನ್ನು ಕಲಿತಿತ್ತು.

ಆ ಸಂಜೆ ಹಂಸಿ ಮಲಗಿದಳು. ಮುಂಗಾಲು ಬಾತಿತ್ತು, ಮೂಗಿನಿಂದ ನೀರು. ನನ್ನ ಚೀಲದಲ್ಲಿ ದ್ಯಾಮಿಯ ತಿಳಿಯ ಒಂದು ಸಣ್ಣ ಸೀಸೆ ಇತ್ತು. ನಾನು ಅದನ್ನು ಹೊರಗೆ ತೆಗೆದು ಮತ್ತೆ ಒಳಗಿಟ್ಟೆ. ಹಂಸಿ ಬದುಕಬೇಕು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಬದುಕುವವಳು ಹಂಸಿಯೇ ಆಗಿರುತ್ತಾಳೋ? ಅವಳ ಆ ನೋಟ, ಆ ಸುಮ್ಮನಿರುವಿಕೆ, ಕರು ಹಾಕುವಾಗಲೂ ಬಿಡದ ಆ ಮೌನ, ಇದೆಲ್ಲ ಹೋಗಿ ಚಿಲಕ ತೆಗೆಯುವ ಆಕಳೊಂದು ನಮ್ಮ ಕೊಟ್ಟಿಗೆಯಲ್ಲಿ ನಿಂತರೆ, ನಾವು ಉಳಿಸಿಕೊಂಡದ್ದು ಯಾರನ್ನು? ನಾನು ಇಂಥ ಯೋಚನೆಗಳನ್ನು ಗಂಟೆಗಟ್ಟಲೆ ಮಾಡಬಲ್ಲೆ. ಅವ್ವ ಲಾಟೀನು ಹಿಡಿದುಕೊಂಡು ನಿಂತು ನನ್ನನ್ನು ನೋಡಿದಳು.

"ನಿಮ್ಮಪ್ಪನೂ ಹಿಂಗ ಮಾತಿಲ್ಲದ ಹ್ವಾದ," ಅಂದಳು. "ನಾವಿಬ್ರೂ ಮಾತಿಲ್ಲದ ನೋಡಕೋತ ಕುಂತಿವಿ. ಇಕಿ ಕಳ್ಳಿ ಆಗಿ ಆದ್ರೂ ಇರಲಿ ಶಾಂತು. ಚುಚ್ಚು."

ಅವ್ವ ಒಂದೇ ಸಲಕ್ಕೆ ಅಷ್ಟು ಮಾತಾಡಿ ಬಹಳ ವರ್ಷಗಳಾಗಿದ್ದವು. ನಾನು ಚುಚ್ಚಿದೆ.

ಉಳಿದ ಊರಿಗೆ ಇನ್ನೂ ಬಹಳ ತಿಳಿ ಬೇಕಿತ್ತು, ಅದಕ್ಕೆ ಗುರುಸಿದ್ದವ್ವನ ಒಪ್ಪಿಗೆ ಬೇಕಿತ್ತು. ಸಾಹೇಬರು, ಸಂಗನಬಸಪ್ಪನವರು, ನಾನು ಅವಳ ಗಾಡಿಯ ಮುಂದೆ ನಿಂತೆವು. ಅವಳು ಬಾಣಲೆಯಿಂದ ತಲೆ ಎತ್ತಲಿಲ್ಲ. ಸಾಹೇಬರಿಗೆ ಒಂದು ಮಿರ್ಚಿ ಕೊಟ್ಟಳು. ನನ್ನನ್ನು ನೋಡಿ, ಮೂಕಪ್ಪನೂ ಬಂದಾನಲ್ಲ ಎಂದಳು. ಚಿಕ್ಕಂದಿನಿಂದ ಅವಳು ನನ್ನನ್ನು ಕರೆಯುತ್ತಿದ್ದದ್ದು ಹಾಗೇ. ತನ್ನ ಆಕಳು ಕಳ್ಳಿ ಹೌದೋ ಅಲ್ಲವೋ ಎಂದು ಸಂಗನಬಸಪ್ಪನವರನ್ನು ಕೇಳಿದಳು. ಅವರು ಗಂಟಲು ಸರಿಮಾಡಿಕೊಂಡು, ಸ್ವಲ್ಪ ಚುರುಕು ಎಂದರು.

"ಕಳ್ಳೀನ ಐತ್ರಿ, ಸುಳ್ಳ್ಯಾಕ," ಗುರುಸಿದ್ದವ್ವ ಜಾಲರಿ ಸೌಟು ಕೊಡವುತ್ತ ಅಂದಳು. "ಗೋದ್ಲ್ಯಾಗ ಹಾಕಿದ್ದು ತಿಂದ್ರ ಅದಕ್ಕ ಹೊಟ್ಟಿ ತುಂಬತೈತಿ. ಕದ್ದು ತಿಂದ್ರ ಊರು ಪರಿಚಯ ಆಗತೈತಿ. ಹಂಗ ಅಡ್ಡಾಡಿದ್ದಕ್ಕ ನಿಮಗ ಇವತ್ತು ಅದರ ರಕ್ತ ಬೇಕಾಗೇತಿ. ನೀವು ಕೂಡಿಹಾಕೀರಿ, ನೀವ ಬಿಡಿಸ್ರಿ. ಪ್ಯಾಟಿ ಬೀದ್ಯಾಗ ಹಾಯಿಸಿ ನೀವ ಹಗ್ಗ ಹಿಡಕೊಂಡು ನಮ್ಮನಿಗೆ ಕರಕೊಂಡ ಬರ್ರಿ."

ಅವಳು ಬೇರೇನನ್ನೂ ಕೇಳಲಿಲ್ಲ. ಸಂಗನಬಸಪ್ಪನವರು ರೇಷ್ಮೆ ಅಂಚಿನ ಧೋತರ ಉಟ್ಟು, ಜರಿ ಶಲ್ಯ ಹೊದ್ದು, ಅದೊಂದು ಮೆರವಣಿಗೆ ಎಂಬಂತೆ ಕೊಂಡವಾಡದ ಬಾಗಿಲು ತೆಗೆಸಿದರು. ಪೇಟೆ ಬೀದಿಯ ಎರಡೂ ಕಡೆ ಜನ ನಿಂತಿದ್ದರು. ಯಾರೂ ನಗಲಿಲ್ಲ, ಎಲ್ಲರ ಕೊಟ್ಟಿಗೆಯಲ್ಲೂ ರೋಗವಿತ್ತು. ದ್ಯಾಮಿ ಗಂಭೀರವಾಗಿ ನಡೆಯಿತು. ಎಡಕ್ಕೆ ಒಂದು ಬಾಳೆಹಣ್ಣು, ಬಲಕ್ಕೆ ಒಂದು ಕೊತ್ತಂಬರಿ ಕಟ್ಟು. ತರಕಾರಿಯವರು ತಾವಾಗಿಯೇ ಬುಟ್ಟಿ ಮುಂದೆ ಚಾಚಿದರೆ ಮಾತ್ರ ಮುಖ ತಿರುಗಿಸುತ್ತಿತ್ತು. ಮನೆ ಮುಟ್ಟುವ ಹೊತ್ತಿಗೆ ಸಂಗನಬಸಪ್ಪನವರ ಶಲ್ಯ ಅರ್ಧವಷ್ಟೇ ಉಳಿದಿತ್ತು. ಅವರು ಉಳಿದ ಅರ್ಧವನ್ನೂ ದ್ಯಾಮಿಗೇ ಹೊದಿಸಿ, ಸನ್ಮಾನ ಮಾಡಿದೆ ಎಂದರು. ಅಷ್ಟರಮಟ್ಟಿಗೆ ದೊಡ್ಡ ಮನುಷ್ಯರೇ.

ಆಮೇಲೆ ಕೆಲಸವೋ ಕೆಲಸ. ದ್ಯಾಮಿಗೆ ಸುಸ್ತಾಗದಂತೆ ನಡುವೆ ಬಿಡುವು ಕೊಟ್ಟು, ಬೆಲ್ಲ, ಹಿಂಡಿ ತಿನ್ನಿಸಿ, ಸ್ವಲ್ಪ ಸ್ವಲ್ಪವೇ ರಕ್ತ ತೆಗೆಯುತ್ತಿದ್ದೆವು. ನಾನು ತಿಳಿ ಬೇರ್ಪಡಿಸಿ ಬಲ ನೋಡಿ ಸೀಸೆಗೆ ತುಂಬುತ್ತಿದ್ದೆ, ಸಾಹೇಬರು ಮನೆಮನೆಗೆ ಹೋಗಿ ಚುಚ್ಚುತ್ತಿದ್ದರು. ಕೆಲವು ದನಗಳು ಉಳಿಯಲಿಲ್ಲ, ಅವಕ್ಕೆ ತಡವಾಗಿತ್ತು. ಹೆಚ್ಚಿನವು ಎದ್ದು ನಿಂತವು. ಎದ್ದು ನಿಂತು, ಮೊದಲು ಮಾಡಿದ ಕೆಲಸವೆಂದರೆ ಪಕ್ಕದ ಮನೆಯ ಗೋದಲಿಗೆ ಬಾಯಿ ಹಾಕಿದ್ದು.

ಊರು ಅದಕ್ಕೆ ಹೊಂದಿಕೊಂಡ ಬಗೆ ಹೇಳಬೇಕು. ಮೊದಲು ಎಲ್ಲರೂ ಚಿಲಕ ಬದಲಿಸಿದರು, ಅದರಿಂದ ಕಮ್ಮಾರನಿಗೊಬ್ಬನಿಗೆ ಒಳ್ಳೆಯದಾಯಿತು. ಆಮೇಲೆ ಎಲ್ಲರ ಆಕಳೂ ಎಲ್ಲರ ಮೇವನ್ನೂ ತಿನ್ನುವುದರಿಂದ ಒಟ್ಟಿನಲ್ಲಿ ಯಾರಿಗೂ ಏನೂ ಕಡಿಮೆಯಾಗುತ್ತಿಲ್ಲ ಎಂದು ಯಾರೋ ಲೆಕ್ಕ ತೋರಿಸಿದರು. ಅಲ್ಲಿಂದ ಮುಂದೆ ಜನ ತಮ್ಮ ಗೋದಲಿಗೆ ಒಳ್ಳೆಯ ಮೇವನ್ನೇ ಹಾಕತೊಡಗಿದರು, ನಮ್ಮ ಮನೆಗೆ ಬಂದ ಕಳ್ಳರು ಹೋಗಿ ಏನೆಂದಾರು ಎಂಬ ಮರ್ಯಾದೆಯ ಪ್ರಶ್ನೆ. ಮಹಾರಾಣಿ ಒಂದು ದಿನ ಸಂಘದ ಕಚೇರಿಗೆ ಹೋಗಿ ಗೋಡೆಯ ಮೇಲೆ ತೂಗುಹಾಕಿದ್ದ ತನ್ನ ಬಹುಮಾನದ ರಿಬ್ಬನ್ನುಗಳನ್ನೆಲ್ಲ ತಿಂದಿತು. ಸಂಗನಬಸಪ್ಪನವರು, ಅವು ಅದರವೇ, ಅದು ಕಳ್ಳತನವಲ್ಲ ಎಂದು ವಾದಿಸಿದರು.

ಸೊಳ್ಳೆಗಳು ತಮ್ಮ ಕೆಲಸ ಬಿಟ್ಟಿರಲಿಲ್ಲ. ಕೊಟ್ಟಿಗೆಯ ಗುಣ ಪಡಸಾಲೆಗೆ ಬಂತು. ಮಾಸ್ತರರು ಹುಡುಗರ ಡಬ್ಬಿಯಿಂದ ಚಟ್ನಿ ತೆಗೆದು ನೆಕ್ಕುವಾಗ ಸಿಕ್ಕಿಬಿದ್ದರು. ಪೂಜಾರಪ್ಪ ಬೇರೆ ಗುಡಿಯ ಪ್ರಸಾದ ಕದ್ದ. ಸಂಗನಬಸಪ್ಪನವರನ್ನು ಯಾರದೋ ಅಂಗಳದ ಹಪ್ಪಳದ ಚಾಪೆಯ ಬಳಿ ಕಂಡವರಿದ್ದರು. ಅವರು ಇಲ್ಲವೆಂದರು, ಇಲ್ಲವೆನ್ನುವಾಗ ಬಾಯೊಳಗೆ ಕುರುಂ ಎಂದು ಸದ್ದಾಯಿತು. ನಾನು ಇದನ್ನೆಲ್ಲ ಪರದೆಯೊಳಗಿಂದ ಕೇಳುತ್ತಿದ್ದೆ.

ಹಂಸಿ ಉಳಿದಳು. ಗಂಟುಗಳು ಒಣಗಿ ಉದುರಿದವು. ಒಂದು ಸಂಜೆ ನಾನು ಪರದೆ ಕಟ್ಟುತ್ತಿರುವಾಗ ಹಿತ್ತಿಲಿನಿಂದ ಒಂದು ದೊಡ್ಡ, ಒರಟಾದ, ಉಪಯೋಗಿಸದೇ ತುಕ್ಕು ಹಿಡಿದ ಬಾಗಿಲಿನಂಥ ಸದ್ದು ಬಂತು. ಹೋಗಿ ನೋಡಿದರೆ ಹಂಸಿ ಕತ್ತು ಚಾಚಿ ಅಂಬಾ ಎನ್ನುತ್ತಿದ್ದಳು. ಹಗ್ಗ ಬಿಚ್ಚಿಕೊಂಡಿತ್ತು, ಹಿತ್ತಿಲ ಬಾಗಿಲು ತೆರೆದಿತ್ತು, ಬಾಯಲ್ಲಿ ಪಕ್ಕದ ಮನೆಯ ಮೂಲಂಗಿ ಸೊಪ್ಪು. ನನಗೆ ಬೇಕಾಗಿದ್ದ ಒಂದೇ ಒಂದು ಮೌನವೂ ಹೋಯಿತು ಎಂದುಕೊಂಡೆ. ಅವ್ವನಿಗೆ ಹೇಳಲು ಅಡುಗೆಮನೆಗೆ ಹೋದರೆ ಅವ್ವ ಇರಲಿಲ್ಲ.

ದೇವರ ಕೋಣೆಯಲ್ಲಿ ಇರಲಿಲ್ಲ. ಬಾವಿಯ ಹತ್ತಿರ ಇರಲಿಲ್ಲ. ಮುಂಬಾಗಿಲು ತೆರೆದಿತ್ತು. ಅಪ್ಪ ಹೋದ ಮೇಲೆ ಹೊಸ್ತಿಲು ದಾಟದ ಅವ್ವ ಎಲ್ಲಿ ಹೋಗಿರಬಹುದು ಎಂದುಕೊಳ್ಳುತ್ತ ಬೀದಿಗಿಳಿದೆ. ಅಷ್ಟರಲ್ಲಿ ಅವಳೇ ಓಣಿಯ ತಿರುವಿನಲ್ಲಿ ಬಂದಳು. ಬೇಗ ಬೇಗ ನಡೆಯುತ್ತಿದ್ದಳು. ಸೆರಗಿನ ಕೆಳಗೆ ಏನೋ ದುಂಡಗೆ ಉಬ್ಬಿತ್ತು. ಒಳಗೆ ಬಂದು ಬಾಗಿಲು ಹಾಕಿಕೊಂಡು ಸೆರಗು ಸರಿಸಿದಳು. ಸಂಗನಬಸಪ್ಪನವರ ತೋಟದ ಕುಂಬಳಕಾಯಿ.

ಆಮೇಲೆ ನಕ್ಕಳು. ಬಾಯಿಗೆ ಸೆರಗು ಹಚ್ಚಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಅಂದಿನಿಂದ ಅವಳು ದಿನಾ ಸಂಜೆ ಹೊರಗೆ ಹೋದಳು. ಒಂದು ದಿನ ಕರಿಬೇವು, ಒಂದು ದಿನ ಯಾರದೋ ಒಲೆಯ ಮೇಲಿದ್ದ ಬದನೆಕಾಯಿ ಎಣ್ಣೆಗಾಯಿ, ಪಾತ್ರೆ ಸಮೇತ. ಪಾತ್ರೆ ವಾಪಸು ಕೊಡಲು ಹೋದಲ್ಲಿ ಕೂತು ಮಾತಾಡಿ ಬಂದಳು. ಯಾರ ಸೊಸೆ ಬಸುರಿ, ಯಾರ ಮನೆಗೆ ಹೊಸ ಬಣ್ಣ, ಯಾರು ಅಪ್ಪನನ್ನು ಇನ್ನೂ ನೆನೆಯುತ್ತಾರೆ, ಎಲ್ಲವನ್ನೂ ನನ್ನ ಪರದೆಯ ಹೊರಗೆ ಕೂತು ಹೇಳುತ್ತಿದ್ದಳು. ಹಂಸಿ ನಡುನಡುವೆ ಹಿತ್ತಿಲಿನಿಂದ ದನಿಗೂಡಿಸುತ್ತಿದ್ದಳು. ನಾನು ಪುಸ್ತಕದ ಅದೇ ಪುಟವನ್ನು ಹಿಡಿದುಕೊಂಡಿರುತ್ತಿದ್ದೆ.

ಇದೆಲ್ಲ ಚಳಿ ಬೀಳುವ ತನಕ ಅಷ್ಟೇ ಎಂದು ನನಗೆ ಗೊತ್ತಿತ್ತು. ಬೇರೆಯವರ ಪ್ರತಿಕಾಯಗಳು ಮೈಯಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಎರವಲು ತಂದ ಅಂಗಿಯ ಹಾಗೆ, ಸ್ವಲ್ಪ ದಿನ ಮೈ ಮುಚ್ಚಿ ಆಮೇಲೆ ಸವೆದು ಹೋಗುತ್ತವೆ, ಅದರ ಜೊತೆ ಬಂದ ಗುಣವೂ ಸವೆಯುತ್ತದೆ. ಹಾಗೇ ಆಯಿತು. ಒಂದೊಂದಾಗಿ ಊರಿನ ಆಕಳುಗಳು ಸಭ್ಯವಾದವು. ಮಹಾರಾಣಿ ಮತ್ತೆ ಅಪ್ಪಣೆಯಿಲ್ಲದೆ ಬಾಯಿ ಹಾಕದಾಯಿತು. ಲಸಿಕೆಯ ಗಾಡಿ ಕೂಡ, ಹೊಸ ಡ್ರೈವರ್ ದಾರಿ ತಪ್ಪಿದ್ದರ ದೆಸೆಯಿಂದ, ಒಂದು ದಿನ ನಮ್ಮೂರನ್ನೇ ಬಂದು ಮುಟ್ಟಿತು. ಗುಣ ಒಪ್ಪಿಸುವ ದಿನ ಇಡೀ ಊರು ಗುರುಸಿದ್ದವ್ವನ ಮನೆಯ ಮುಂದೆ ಸಾಲು ನಿಂತಿತ್ತು, ಕೈಯಲ್ಲಿ ಕೊಬ್ಬರಿ ಬೆಲ್ಲ ಹಿಡಿದು. ಇಷ್ಟು ಮಂದಿಯ ಕಳ್ಳತನವನ್ನು ಒಂದೇ ಆಕಳು ಹೊರುವುದು ಹೇಗೆ ಎಂದು ಅವಳು ಮೊದಲು ತಕರಾರು ತೆಗೆದಳಂತೆ. ದ್ಯಾಮಿಯೇ ಅಷ್ಟರಲ್ಲಿ ಸಾಲಿನ ಹಿಂದಿನಿಂದ ಬಂದು, ಒಪ್ಪಿಸುವ ಮೊದಲೇ ಎಲ್ಲರ ಕೈಯಿಂದ ಬೆಲ್ಲ ಕಸಿದುಕೊಂಡು ಆ ಪ್ರಶ್ನೆಯನ್ನು ಬಗೆಹರಿಸಿತು.

ಅಂದು ನಾನು ಅವ್ವನಿಗಾಗಿ ಕೊಬ್ಬರಿ ಬೆಲ್ಲವನ್ನು ಬಟ್ಟಲಿನಲ್ಲಿ ಹಾಕಿ ಇಟ್ಟಿದ್ದೆ. ಅವಳು ಅದನ್ನು ಮುಟ್ಟಲಿಲ್ಲ. ಹೊರಗಿನಿಂದ ಬಂದವಳ ಸೆರಗಿನಲ್ಲಿ ಯಾರದೋ ತೋಟದ ಹಸಿಶೇಂಗಾ ಇತ್ತು. ಹಿತ್ತಿಲಿನಲ್ಲಿ ಹಂಸಿ ಹೊಸ ಚಿಲಕವನ್ನು ನೆಕ್ಕುತ್ತಿದ್ದಳು. ನನಗೆ ಅರ್ಥವಾಗಲಿಲ್ಲ. ಮರುದಿನ ಹಂಸಿಯ ರಕ್ತ ತೆಗೆದುಕೊಂಡು ಹೋಗಿ ಪರೀಕ್ಷೆಗಿಟ್ಟೆ. ದ್ಯಾಮಿಯಿಂದ ಬಂದ ಬಲ ಇಷ್ಟರಲ್ಲಿ ಕರಗಿರಬೇಕಿತ್ತು. ಬಟ್ಟಲು ನೋಡಿದರೆ ಒಂದು ತೂತೂ ಇಲ್ಲ. ನೀರು ಬೆರೆಸಿದೆ, ಇನ್ನಷ್ಟು ಬೆರೆಸಿದೆ. ದ್ಯಾಮಿಯದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಸಾಹೇಬರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ನೋಡಿ, ಇದರಲ್ಲಿ ಆಶ್ಚರ್ಯವೇನು, ಉಳಿದವಕ್ಕೆ ಜ್ವರ ಬಂದಾಗಲೇ ಚುಚ್ಚಿದೆವು, ಇವಳ ಮೈಯಲ್ಲಿ ರೋಗ ಪೂರ್ತಿ ಎದ್ದಿತ್ತಲ್ಲ, ದ್ಯಾಮಿಯ ತಿಳಿ ಜೀವ ಹಿಡಿದು ನಿಲ್ಲಿಸಿದ ಅಷ್ಟು ದಿನದಲ್ಲಿ ಅವಳ ಮೈ ತಾನೇ ಕಲಿತುಕೊಂಡಿದೆ ಎಂದರು. ಇದು ಎರವಲಿನದಲ್ಲ, ಸ್ವಂತದ್ದು. ಇನ್ನು ಹೋಗುವುದಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, ನಿಮ್ಮ ತಾಯಿಯವರು ಹೇಗಿದ್ದಾರೆ ಎಂದು ಕೇಳಿದರು. ನಿನ್ನೆ ತಮ್ಮ ಮನೆಯ ರಂಗೋಲಿ ಡಬ್ಬಿ ಕಾಣೆಯಾಗಿದೆ ಎಂದೂ ಹೇಳಿದರು.

ಆ ಸಂಜೆ ಮನೆಗೆ ಹೋಗುವ ಹಾದಿಯಲ್ಲಿ ಚಳಿ ಚೆನ್ನಾಗಿ ಬಿದ್ದಿತ್ತು. ಬೆಳಿಗ್ಗೆಯೇ ಅವ್ವ ನನ್ನ ಸೊಳ್ಳೆಪರದೆಯನ್ನು ಒಗೆದು ಮಡಚಿ ಅಟ್ಟದ ಮೇಲೆ ಇಟ್ಟಿದ್ದಳು. ಊರಿನಲ್ಲಿ ಒಂದು ಸೊಳ್ಳೆಯೂ ಇರಲಿಲ್ಲ, ಆ ವರ್ಷವಿಡೀ ಒಂದೂ ನನ್ನನ್ನು ಮುಟ್ಟಿರಲಿಲ್ಲ. ಬಸ್ ನಿಲ್ದಾಣದ ಎದುರು ಗುರುಸಿದ್ದವ್ವ ಬೆನ್ನು ತಿರುಗಿಸಿ ಬಾಣಲೆಗೆ ಎಣ್ಣೆ ಸುರಿಯುತ್ತಿದ್ದಳು. ತಟ್ಟೆಯಲ್ಲಿ ಆಗಷ್ಟೇ ತೆಗೆದ ಮಿರ್ಚಿಗಳಿದ್ದವು. ನನ್ನ ಕೈ ಮುಂದೆ ಹೋಗುವುದನ್ನು ನಾನು ನೋಡಿದೆ. ತುದಿ ಕಚ್ಚಿದಾಗ ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಅವಳು ತಿರುಗಿದಳು. ನಾನು ಓಡಲಿಲ್ಲ.

"ಏ ಮೂಕಪ್ಪಾ," ಅಂದಳು. "ಗುಣ ಒಪ್ಪಿಸೂದು ಮುಗದೈತಿ. ಸೊಳ್ಳಿ ಸತ್ತಾವು. ನಿನಗ್ಯಾವುದು ಕಚ್ಚಿತು?"

"ಯಾವುದೂ ಇಲ್ಲ ಯಕ್ಕಾ," ಅಂದೆ. ಬಾಯ್ತುಂಬ ಮಿರ್ಚಿ ಇತ್ತು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತಟ್ಟೆಯನ್ನು ಗಾಡಿಯ ಅಂಚಿಗೆ, ಕೈಗೆ ಸುಲಭವಾಗಿ ಸಿಗುವಷ್ಟು ಹತ್ತಿರಕ್ಕೆ ಸರಿಸಿ, ಮತ್ತೆ ಬೆನ್ನು ತಿರುಗಿಸಿ ನಿಂತಳು.